ಗದರುವ ತಿಂಡಿ ಯಂತ್ರದ ಸನ್ನಿಧಾನಕ್ಕೆ

ಗ್ರಂಥಾಲಯದ ಪಕ್ಕದ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ನಿಂತ ಕಾಲಲ್ಲೇ ನಿಂತು, ನಮ್ಮ ಕಾಲೇಜಿನ ಸಕಲ ವಿದ್ಯಾರ್ಥಿಗಳ ಹೊಟ್ಟೆ, ನಿದ್ದೆ ಮತ್ತು ನಡತೆಯ ಮೇಲೆ ಕಣ್ಣಿಟ್ಟಿರುವ ತಿಂಡಿ ಯಂತ್ರದವರಿಗೆ, ಹಾಸ್ಟೆಲಿನ ಮೂರನೆಯ ಮಹಡಿಯ ಮೂಲೆ ಕೋಣೆಯಿಂದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಗಾಜನ್ನು ಇಂದು ಬೆಳಿಗ್ಗೆ ಒರೆಸಿದ್ದಾರೆಂದೂ, ತಮ್ಮ ಒಳಗಿನ ತಂಪು ತಂಪಾಗಿಯೇ ಇದೆಯೆಂದೂ, ಮೇಲಿನ ಸಾಲಿನಲ್ಲಿ ಎಂದಿನಿಂದಲೋ ಓರೆಯಾಗಿ ನೇತಾಡುತ್ತಿರುವ ಆ ಬಿಸ್ಕತ್ತಿನ ಪೊಟ್ಟಣ ಇನ್ನೂ ಬೀಳದೆ ತನ್ನ ಮಾನ ಉಳಿಸಿಕೊಂಡಿದೆಯೆಂದೂ ತಿಳಿದು ಸಂತೋಷವಾಯಿತು. ಇನ್ನು ನನ್ನ ವಿಚಾರ. ತಾವು ಈ ಕಾಲೇಜಿಗೆ ಬಿಜಯಂಗೈದ ದಿನದಿಂದ ನಾನು ಅತ್ಯಂತ ಆರೋಗ್ಯವಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಬೆಳಗಿನ ತಿಂಡಿ ತಿನ್ನುತ್ತೇನೆ, ಕೇಳದಿದ್ದರೂ ನೀರು ಕುಡಿಯುತ್ತೇನೆ, ಕಣ್ಣಿನ ಕೆಳಗಿನ ಕಪ್ಪು ಹೇಳದೆ ಕೇಳದೆ ಹೊರಟುಹೋಗಿದೆ. ಮಾನ್ಯರೇ, ನನ್ನ ದೂರು ಇರುವುದೇ ಅಲ್ಲಿ.

ಏಕೆಂದರೆ ನಾನು ಇಷ್ಟು ದೂರದ ಕಾಲೇಜನ್ನು ಆರಿಸಿಕೊಂಡು, ಇಷ್ಟು ಗಟ್ಟಿ ಹಾಸಿಗೆಯ ಹಾಸ್ಟೆಲು ಸೇರಿದ್ದು ಓದುವುದಕ್ಕೆ ಎಂದು ಊರೆಲ್ಲ ತಿಳಿದಿದ್ದರೂ, ನಿಜವಾದ ಕಾರಣ ನನ್ನ ಆರೋಗ್ಯವನ್ನು ನನ್ನಿಷ್ಟ ಬಂದಂತೆ ಹಾಳುಮಾಡಿಕೊಳ್ಳುವುದೇ ಆಗಿತ್ತು. ಅದಕ್ಕೆ ನನ್ನ ಅಮ್ಮನ ಪರಿಚಯ ತಮಗೆ ಮಾಡಿಕೊಡಬೇಕು. ಪರಿಚಯ ಈಗಾಗಲೇ ಎಷ್ಟಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅಮ್ಮನ ಕೆಲಸ ದನಿ ಕೊಡುವುದು. ರೈಲು ನಿಲ್ದಾಣದಲ್ಲಿ ಗಾಡಿ ತಡವಾಗಿ ಬರಲಿದೆ ಎಂದು ಯಾರ ಮನಸ್ಸೂ ನೋಯದಂತೆ ಹೇಳುವವಳು ಅವಳು. ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎನ್ನುವವಳೂ, ಆಸ್ಪತ್ರೆಗೆ ಫೋನು ಮಾಡಿದರೆ ದಯವಿಟ್ಟು ಕಾಯಿರಿ ಎನ್ನುವವಳೂ ಅವಳೇ. ಊರಿಗೆಲ್ಲ ಇಷ್ಟು ನಯವಾಗಿ ಮಾತಾಡುವ ಈ ಮಹಾತಾಯಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ಆ ದನಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು, ಬೇರೆಯೇ ಒಂದು ದನಿಯಲ್ಲಿ ಶುರುಮಾಡುತ್ತಿದ್ದಳು. ತಿಂದೆಯಾ, ಮಲಗಿದೆಯಾ, ತಲೆ ಒರೆಸಿಕೊಂಡೆಯಾ, ಬೆನ್ನು ಬಗ್ಗಿಸಿ ಕೂತಿದ್ದೀಯಲ್ಲ, ಫೋನು ಕೆಳಗಿಡು, ಬಿಸಿಲಿಗೆ ಹೋಗು, ಬಿಸಿಲಿನಿಂದ ಒಳಗೆ ಬಾ. ಹದಿನೆಂಟು ವರ್ಷ ಇದನ್ನು ಕೇಳಿದ ಕಿವಿಗಳಿಗೆ ಒಂದಿಷ್ಟು ವಿಶ್ರಾಂತಿ ಬೇಕಿತ್ತು ಎಂದರೆ ತಾವೂ ಒಪ್ಪುತ್ತೀರಿ.

ಹಾಸ್ಟೆಲಿಗೆ ಬಂದ ಮೊದಲ ಕೆಲವು ವಾರಗಳು, ಆಹಾ, ಸ್ವರ್ಗ ಎಂದರೆ ಅದೇ. ಬೆಳಗಿನ ತಿಂಡಿಯ ಹೊತ್ತಿಗೆ ನಿದ್ದೆ, ಊಟದ ಹೊತ್ತಿಗೆ ಚಿಪ್ಸ್, ಮಲಗುವ ಹೊತ್ತಿಗೆ ಕಾಫಿ. ನೀರನ್ನು ನಾನು ಸ್ನಾನಕ್ಕೆ ಮಾತ್ರ ಬಳಸುತ್ತಿದ್ದೆ. ನನ್ನ ಕೋಣೆಯ ಜೊತೆಗಾತಿ ಈ ವಿದ್ಯೆಯಲ್ಲಿ ನನಗಿಂತ ಮುಂದಿದ್ದಳು. ಊರೆಲ್ಲ ಮಲಗಿದ ಮೇಲೆ ಎದ್ದು ಕೂರುವುದರಿಂದ ಅವಳಿಗೆ ಗೂಬೆ ಎಂಬ ಬಿರುದು ನಾನು ಬರುವ ಮೊದಲೇ ಬಂದಿತ್ತು. ನಾವಿಬ್ಬರೂ ಮಧ್ಯಾಹ್ನ ಎದ್ದು, ಒಬ್ಬರ ಮುಖ ಒಬ್ಬರು ನೋಡಿ ಬೆಚ್ಚಿಬಿದ್ದು, ಮತ್ತೆ ಮಲಗುತ್ತಿದ್ದೆವು.

ಇಂಥ ಸುಖದ ದಿನಗಳಲ್ಲಿ ನಮ್ಮ ಕಾಲೇಜಿನ ಆರೋಗ್ಯ ಸಮಿತಿ ಎಚ್ಚರಗೊಂಡಿತು. ಅದರ ಮುಖ್ಯಸ್ಥರು ವ್ಯಾಯಾಮದ ಮೇಷ್ಟ್ರು. ಅವರಿಗೆ ಮಾತಿಗಿಂತ ಶಿಳ್ಳೆಯ ಮೇಲೆ ನಂಬಿಕೆ ಹೆಚ್ಚಾದ್ದರಿಂದ ಎಲ್ಲರೂ ಪ್ರೀತಿಯಿಂದ ಶಿಳ್ಳೆ ಮೇಷ್ಟ್ರು ಎನ್ನುತ್ತಾರೆ. ಅವರು ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈಕಾಲು ಚಾಚಿಸಿದರು. ಸಭಾಂಗಣದಲ್ಲಿ ಕೂರಿಸಿ ಉಸಿರಾಡುವುದನ್ನು ಕಲಿಸಿದರು, ನಾವು ಹುಟ್ಟಿದಾಗಿನಿಂದ ಅದನ್ನು ತಪ್ಪಾಗಿ ಮಾಡುತ್ತಿದ್ದೆವಂತೆ. ಆ ತರಗತಿಯಲ್ಲಿ ಗೂಬೆ ಎಷ್ಟು ಆಳವಾಗಿ ಉಸಿರಾಡಿದಳೆಂದರೆ ಗೊರಕೆ ಹಿಂದಿನ ಸಾಲಿನವರೆಗೂ ಕೇಳಿಸಿತು. ಇದ್ಯಾವುದೂ ನಡೆಯದೆ ಕೊನೆಗೆ ಮೇಷ್ಟ್ರು ತಮ್ಮನ್ನು ಕರೆತಂದರು. ಗುಂಡಿ ಒತ್ತಿದರೆ ತಿಂಡಿಯ ಜೊತೆ ಆರೋಗ್ಯದ ಬುದ್ಧಿಮಾತನ್ನೂ ಹೇಳುವ ಯಂತ್ರ! ಉದ್ಘಾಟನೆಯ ದಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರು ಹೆಮ್ಮೆಯಿಂದ ಕೈ ಚಾಚಿ, ಪರೀಕ್ಷೆಗೆಂದು ಚಿಪ್ಸಿನ ಗುಂಡಿಯನ್ನೇ ಒತ್ತಿದರು.

ಆಗ ತಾವು ಬಾಯಿ ಬಿಟ್ಟಿರಿ. "ಏನೇ ಮರಿಯಾನೆ, ಮತ್ತೆ ಅದೇನಾ?" ಎಂದಿರಿ. ಒಂದು ಗಳಿಗೆ ಸುಮ್ಮನಾದಿರಿ. "ಸುಳ್ಳು ಹೇಳ್ಬೇಡ, ನಿನ್ನ ದನೀಲೇ ಗೊತ್ತಾಗುತ್ತೆ," ಎಂದಿರಿ. ಮತ್ತೆ ಸುಮ್ಮನಾದಿರಿ. "ಬೆಳಿಗ್ಗೆ ತಿಂಡಿ ಆಯ್ತಾ?" ಎಂದು ಕೇಳಿ, ಇನ್ನೊಂದು ಗಳಿಗೆ ತಡೆದು, "ನಿನ್ನೇದು ಕೇಳ್ಲಿಲ್ಲ ಕಣೇ, ಇವತ್ತಿಂದು ಕೇಳ್ದೆ," ಎಂದು ಮುಗಿಸಿ, ಧಪ್ಪೆಂದು ಪೊಟ್ಟಣ ಕೆಡವಿದಿರಿ. ದಪ್ಪ ಮೀಸೆಯ ಶಿಳ್ಳೆ ಮೇಷ್ಟ್ರು ಮರಿಯಾನೆ ಎನ್ನಿಸಿಕೊಂಡದ್ದಕ್ಕೆ ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ನಗದೆ ನಿಂತವಳು ನಾನೊಬ್ಬಳೇ. ಆ ದನಿ ನನ್ನ ಅಮ್ಮನದು, ನಿಲ್ದಾಣದ ದನಿಯಲ್ಲ, ಮನೆಯ ದನಿ. ಆ ಮಾತು ನನಗೆ ಹೇಳಿದ್ದು. ಆ ಮರಿಯಾನೆ ನಾನು.

ಇದು ಹೇಗಾಯಿತೆಂದು ಆಮೇಲೆ ಫೋನಿನಲ್ಲಿ ವಿಚಾರಿಸಿದಾಗ ತಿಳಿಯಿತು. ಯಾವುದೋ ಕಾಲೇಜಿನ ತಿಂಡಿ ಯಂತ್ರಕ್ಕೆಂದು ಸ್ಟುಡಿಯೋದವರು ಅಮ್ಮನನ್ನು ಕರೆಸಿ, ಮೇಷ್ಟ್ರು ಬರೆದು ಕಳಿಸಿದ್ದ ಸಾಲುಗಳನ್ನು ಓದಿಸಿದ್ದರು. ಹಣ್ಣುಗಳಲ್ಲಿ ನಾರಿನ ಅಂಶ ಹೇರಳವಾಗಿದೆ, ನಿದ್ರೆಯು ದೇಹಕ್ಕೆ ಅತ್ಯಗತ್ಯ, ಹೀಗೆ. ಓದಿ ಮುಗಿಸಿದ ಮೇಲೆ ಅಮ್ಮ ಅಲ್ಲೇ ಕೂತು, ಮೈಕು ಆರಿದೆಯೆಂದು ತಿಳಿದು, ನನಗೆ ಫೋನು ಮಾಡಿದ್ದಳು. ಮೈಕು ಆರಿರಲಿಲ್ಲ. ಸ್ಟುಡಿಯೋದವರು ಎರಡನ್ನೂ ಕಳಿಸಿಬಿಟ್ಟರು, ಮೇಷ್ಟ್ರು ಎರಡನ್ನೂ ಕೇಳಿದರು. ಮೊದಲನೆಯದಕ್ಕೆ ಆಕಳಿಸಿ, ಎರಡನೆಯದಕ್ಕೆ ಎದ್ದು ನಿಂತು, "ಇದು! ಇದು ಸಹಜ ಅಭಿನಯ ಅಂದ್ರೆ! ಆ ಹೆಣ್ಮಗಳು ಎದುರಿಗೆ ಯಾರೋ ಇದ್ದಾರೆ ಅನ್ನೋ ಹಾಗೇ ಮಾತಾಡಿದಾರಲ್ರೀ!" ಎಂದು ಮೆಚ್ಚಿ, ಆ ಸಂಭಾಷಣೆಯನ್ನು ತುಂಡು ತುಂಡು ಮಾಡಿಸಿ, ಒಂದೊಂದು ಗುಂಡಿಗೆ ಒಂದೊಂದು ತುಂಡನ್ನು ಹಂಚಿದರು. ಅಭಿನಯವನ್ನು ಗುರುತಿಸುವ ಅವರ ಕಣ್ಣಿಗೆ, ಅಂದರೆ ಕಿವಿಗೆ, ನನ್ನ ಅನಂತ ನಮನಗಳು.

ಹಂಚಿಕೆಯಲ್ಲೂ ಅವರ ವಿವೇಕ ಎದ್ದು ಕಾಣುತ್ತದೆ. ಕಾಫಿಯ ಗುಂಡಿ ಒತ್ತಿದರೆ ತಾವು "ಎಷ್ಟೊತ್ತಿಗೆ ಮಲಗ್ದೆ?" ಎಂದು ಕೇಳಿ, ತಡೆದು, "ಅದನ್ನ ರಾತ್ರಿ ಅನ್ನಲ್ಲ, ಬೆಳಗಿನ ಜಾವ ಅಂತಾರೆ," ಎನ್ನುತ್ತೀರಿ. ಹಣ್ಣಿನ ಗುಂಡಿಗೆ "ಹಾಂ, ಈಗ ನನ್ನ ಜೀವಕ್ಕೆ ಸಮಾಧಾನ," ಎಂದಷ್ಟೇ. ಉಳಿದ ತುಂಡನ್ನು ಎಲ್ಲಿಗೆ ಹಾಕುವುದೆಂದು ತಿಳಿಯದೆ ಬಿಸ್ಕತ್ತಿಗೆ ಹಾಕಿದ್ದಾರೆ: "ತಲೆ ಒರೆಸ್ಕೊಂಡ್ಯಾ? ಒದ್ದೆ ತಲೇಲಿ ಓಡಾಡ್ಬೇಡ." ನಮ್ಮ ಗಣಿತದ ಮೇಷ್ಟ್ರಿಗೆ ಬಿಸ್ಕತ್ತೆಂದರೆ ಪ್ರಾಣ, ತಲೆಯ ಮೇಲೆ ಮಾತ್ರ ಒಂದೆಳೆ ಕೂದಲಿಲ್ಲ. ಅವರು ಪ್ರತಿದಿನ ಮಧ್ಯಾಹ್ನ ಈ ಪ್ರಶ್ನೆ ಕೇಳಿಸಿಕೊಂಡು, ನುಣುಪು ತಲೆಯ ಮೇಲೊಮ್ಮೆ ಕೈಯಾಡಿಸಿ, "ಆಯ್ತಮ್ಮ" ಎಂದು ಹೇಳಿಯೇ ಪೊಟ್ಟಣ ಎತ್ತಿಕೊಳ್ಳುತ್ತಾರೆ. ಇನ್ನು ನೀರಿನ ಗುಂಡಿಯದು ಇಡೀ ಕಾಲೇಜಿಗೇ ಬಿಡಿಸಲಾರದ ಒಗಟು. ತಾವು "ನೀರು ಕುಡಿಯೋದಕ್ಕೂ ನಾನೇ ನೆನಪು ಮಾಡ್ಬೇಕಾ?" ಎಂದು ಗದರಿ, ತಡೆದು, ಇದ್ದಕ್ಕಿದ್ದಂತೆ ಜೋರಾಗಿ ನಗುತ್ತೀರಿ, ನಕ್ಕು ನಕ್ಕು ಉಸಿರು ಸಿಕ್ಕಿಕೊಂಡವರಂತೆ ನಗುತ್ತೀರಿ, ನಕ್ಕು ಮುಗಿಸಿ "ಇರು, ಬರ್ತೀನಿ ಅಲ್ಲಿಗೇ," ಎನ್ನುತ್ತೀರಿ. ಒಳಗೆ ತಂತಿ ಸಡಿಲವಾಗಿದೆ ಎಂದು ಗೂಬೆಯ ವಾದ. ನೀರು ಕುಡಿಯದವರಿಗೆ ಇದೊಂದು ಬೆದರಿಕೆ ಎಂದು ಗಣಿತದ ಮೇಷ್ಟ್ರ ಅಭಿಪ್ರಾಯ.

ನಾನು ಅಂದೇ ಅಮ್ಮನಿಗೆ ಫೋನು ಮಾಡಿ, ನನ್ನ ಮಾನ ಮೂರು ಕಾಸಿಗೆ ಹೋಯಿತೆಂದು ಕೂಗಾಡಿ, ಕೂಡಲೇ ಆ ದನಿಯನ್ನು ವಾಪಸು ತೆಗೆಸಬೇಕೆಂದು ಕಟ್ಟಪ್ಪಣೆ ಮಾಡಿದೆ. ಅಮ್ಮ ಮೊದಲು ಹೌಹಾರಿದಳು, ಆಮೇಲೆ ನಕ್ಕಳು, ನಗುತ್ತಲೇ ಅಪ್ಪನಿಗೆ ಹೇಳಿದಳು, ಅಪ್ಪನೂ ನಕ್ಕದ್ದು ನನಗೆ ಕೇಳಿಸಿತು. ಕೊನೆಗೆ, "ಹೋಗ್ಲಿ ಬಿಡೇ, ನಾಲ್ಕು ಮಕ್ಕಳು ಹೊತ್ತಿಗೆ ಸರಿಯಾಗಿ ನೀರು ಕುಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದಳು. ನನ್ನ ಗಂಟು ಏನೂ ಹೋಗಲಿಲ್ಲ, ಹೋದದ್ದು ನನ್ನ ನೆಮ್ಮದಿ. ನಾನು ಯಾವ ಓಣಿಯಲ್ಲಿ ಹೋದರೂ ದೂರದಿಂದ ಯಾರೋ ಗುಂಡಿ ಒತ್ತಿದ ಸದ್ದಿನ ಬೆನ್ನಿಗೇ "ಏನೇ ಮರಿಯಾನೆ" ಎಂಬ ಕೂಗು ಬಂದು, ಬೇಡವೆಂದರೂ ನನ್ನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. ಗುಟ್ಟು ಹೊರಬಿದ್ದರೆ ಮುಂದಿನ ಮೂರು ವರ್ಷವೂ ನನಗೆ ಅದೇ ಹೆಸರೆಂದು ಗೊತ್ತಿದ್ದರಿಂದ ನಾನು ಯಾರ ಮುಂದೆಯೂ, ಗೂಬೆಯ ಮುಂದೆಯೂ, ತುಟಿಪಿಟಕ್ಕೆನ್ನಲಿಲ್ಲ.

ಆದರೆ ಮಾನ್ಯರೇ, ತಮ್ಮ ಪ್ರತಾಪವನ್ನು ಒಪ್ಪಿಕೊಳ್ಳದಿದ್ದರೆ ನಾಲಿಗೆ ಬಿದ್ದುಹೋದೀತು. ಮೇಷ್ಟ್ರ ಶಿಳ್ಳೆಗೆ ಜಗ್ಗದ ಕಾಲೇಜು ತಮ್ಮ ಗದರಿಕೆಗೆ ಜಗ್ಗಿತು. ಮೊದಮೊದಲು ಜನ ಮೋಜಿಗೆಂದು ಗುಂಡಿ ಒತ್ತುತ್ತಿದ್ದರು. ಬರಬರುತ್ತ, ತಾವು ಸುಮ್ಮನಾಗುವ ಆ ಗಳಿಗೆಗಳಲ್ಲಿ ಅವರವರೇ ಉತ್ತರ ಕೊಡಲು ಶುರುಮಾಡಿದರು. ಬೆಳಿಗ್ಗೆ ತಿಂಡಿ ಆಯ್ತಾ ಎಂದರೆ "ಇಲ್ಲ, ಏಳೋದು ಲೇಟಾಯ್ತು," ಎಂದು ಗಾಜಿಗೆ ಮುಖವಿಟ್ಟು ಪಿಸುಗುಡುವವರನ್ನು ನಾನೇ ಕಂಡಿದ್ದೇನೆ. ಕಾಫಿಗೆ ಬಂದ ಮೂರನೆಯ ವರ್ಷದ ಹುಡುಗರು, ಎಷ್ಟೊತ್ತಿಗೆ ಮಲಗ್ದೆ ಎಂಬ ಪ್ರಶ್ನೆಗೆ ಹೆದರಿ, ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಿದ್ದರು. ಸೇಬು ಮತ್ತು ಬಾಳೆಹಣ್ಣಿನ ಸಾಲು ಮಧ್ಯಾಹ್ನದೊಳಗೆ ಖಾಲಿಯಾಗತೊಡಗಿತು. ಊಟದ ಮನೆಯ ಅಡುಗೆಯವರು, ಬೆಳಗಿನ ಬ್ರೆಡ್ಡು, ಮೊಟ್ಟೆ ಉಳಿಯುತ್ತಲೇ ಇಲ್ಲವಲ್ಲ, ಈ ಮಕ್ಕಳಿಗೆ ಏನು ಬಂತು ಎಂದು ಗಾಬರಿಯಾದರು. ನಾನು ಬೇರೆ ದಾರಿ ಕಾಣದೆ, ತಾವು ಕೇಳಿದರೆ ಹೇಳುವುದಕ್ಕೊಂದು ನಿಜವಾದ ಉತ್ತರವಿರಲಿ ಎಂಬ ಒಂದೇ ಕಾರಣಕ್ಕೆ ಬೆಳಿಗ್ಗೆ ಎದ್ದು ತಿಂಡಿ ತಿನ್ನಲು ಹೋದೆ. ಒಂದು ದಿನ ಹೋದವಳು ಮರುದಿನವೂ ಹೋದೆ. ನನ್ನ ಪತನ ಶುರುವಾದದ್ದು ಹಾಗೆ.

ಗೂಬೆಯದು ಇನ್ನೂ ಹೆಚ್ಚು. ಅವಳು ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳು. ರಜೆಗೆ ಹೋಗುವುದು ದೊಡ್ಡಮ್ಮನ ಮನೆಗೆ, ಅಲ್ಲಿ ಯಾರೂ ಅವಳನ್ನು ನೋಯಿಸುವುದಿಲ್ಲ, ಯಾರೂ ಏನೂ ಕೇಳುವುದೂ ಇಲ್ಲ. ಅವಳು ದಿನವೂ ತರಗತಿ ಮುಗಿದ ಮೇಲೆ ತಮ್ಮೆದುರು ನಿಂತು, ಚಿಪ್ಸಿನ ಗುಂಡಿ ಒತ್ತಿ, ಪೂರ್ತಿ ಬೈಸಿಕೊಂಡು, ಆ ಪೊಟ್ಟಣವನ್ನು ಯಾರಿಗಾದರೂ ಕೊಟ್ಟು, ಆಮೇಲೆ ಬಾಳೆಹಣ್ಣಿನ ಗುಂಡಿ ಒತ್ತುತ್ತಾಳೆ. ಇದೇನು ಹುಚ್ಚೇ ನಿನಗೆ ಎಂದು ಕೇಳಿದ್ದಕ್ಕೆ, "ನನ್ನನ್ನ ಇಷ್ಟು ಅಕ್ಕರೆಯಿಂದ ಯಾರೂ ಬೈದಿಲ್ಲ ಕಣೇ," ಎಂದು ಸಿಪ್ಪೆ ಸುಲಿಯುತ್ತ ಹೇಳಿ ಹೋದಳು. ನನಗೆ ಹೊಟ್ಟೆಕಿಚ್ಚಾಯಿತು, ಮಾನ್ಯರೇ. ಅದು ನನ್ನ ಅಮ್ಮ, ನಿನಗೇಕೆ ಸಮಾಧಾನ ಎಂದು ಜಗಳವಾಡಬೇಕೆನ್ನಿಸಿತು. ಆಡಲಿಲ್ಲ. ಬಾಳೆಹಣ್ಣಿನಲ್ಲಿ ಅರ್ಧ ಕಿತ್ತುಕೊಂಡು ತಿಂದೆ.

ಇಷ್ಟೇ ಆಗಿದ್ದರೆ ನಾನು ತಮ್ಮ ಮೇಲೆ ಸಿಟ್ಟಾಗಿಯೇ ಮೂರು ವರ್ಷ ಕಳೆದು, ಪದವಿ ಪಡೆದು, ಹೋಗುವಾಗ ತಮ್ಮ ಕಾಲಿಗೊಂದು ಒದೆ ಕೊಟ್ಟು ಹೊರಟುಬಿಡುತ್ತಿದ್ದೆ. ಆದರೆ ಅಮ್ಮನ ದನಿ ಕೆಟ್ಟಿತು. ವರ್ಷಗಟ್ಟಲೆ ಊರಿಗೆಲ್ಲ ರೈಲು ಬಿಟ್ಟು, ಉಳಿದ ಹೊತ್ತಿನಲ್ಲಿ ನನ್ನನ್ನು ಗದರಿ, ಗಂಟಲಿನಲ್ಲಿ ಸಣ್ಣ ಗಂಟಾಗಿತ್ತು. ಗಂಟಲಿನ ಡಾಕ್ಟರಮ್ಮ ಅದನ್ನು ತೆಗೆದುಹಾಕಿ, ಹೆದರುವಂಥದ್ದು ಏನೂ ಇಲ್ಲವೆಂದು ಹೇಳಿ, ತಾನು ಹೇಳುವವರೆಗೂ ಒಂದಕ್ಷರ ಮಾತಾಡಕೂಡದು, ಪಿಸುಮಾತೂ ಕೂಡದು ಎಂದು ಬಾಯಿಗೆ ಬೀಗ ಹಾಕಿದರು. ದನಿ ಮೊದಲಿನ ಹಾಗೇ ಬರುತ್ತದೆಯೇ ಎಂದು ಅಪ್ಪ ಕೇಳಿದ್ದಕ್ಕೆ, "ಬರುತ್ತೆ. ಮೊದಲಿನ ಹಾಗೇ ಬರುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ," ಎಂದರಂತೆ.

ಆ ದಿನದಿಂದ ಫೋನಿನಲ್ಲಿ ಅಮ್ಮನ ಪರವಾಗಿ ಅಪ್ಪ ಮಾತಾಡತೊಡಗಿದರು. ಅಮ್ಮ ಎದುರಿಗೆ ಕೂತು ಕೈಸನ್ನೆ ಮಾಡುವುದು, ಅಪ್ಪ ಅದನ್ನು ಕನ್ನಡಕ್ಕೆ ತರುವುದು. "ನಿಮ್ಮಮ್ಮ ಕೈ ಹೀಗೆ ಹೀಗೆ ಅಂತಿದಾಳಮ್ಮ. ಒಂದೋ ನೀರು ಕುಡಿ ಅಂತಿದಾಳೆ, ಇಲ್ಲ ಬಾಗಿಲು ಹಾಕ್ಕೋ ಅಂತಿದಾಳೆ. ಇರು, ಈಗ ಹಣೆ ಚಚ್ಕೊಂಡ್ಲು, ಎರಡೂ ಅಲ್ವಂತೆ." ಮೊದಲ ಬಾರಿಗೆ ನನಗೆ ಅಮ್ಮನನ್ನು ಗದರುವ ಅವಕಾಶ ಸಿಕ್ಕಿತು. ಬಿಸಿನೀರು ಕುಡಿದೆಯಾ, ಸರಿಯಾಗಿ ಮಲಗಿದೆಯಾ, ಸುಳ್ಳು ಹೇಳಬೇಡ, ಡಾಕ್ಟರಮ್ಮ ಹೇಳಿದ್ದು ನೆನಪಿದೆಯಾ ಎಂದು ಬಾಯಿತುಂಬ ಕೇಳಿದೆ. ಉತ್ತರವಾಗಿ ಆ ಕಡೆಯಿಂದ ಬೆರಳಿನಿಂದ ಫೋನು ತಟ್ಟಿದ ಸದ್ದು ಬಂತು. ಎದುರು ಮಾತಿಲ್ಲದ ಅಮ್ಮನನ್ನು ಗದರುವುದರಲ್ಲಿ ಏನೂ ರುಚಿಯಿಲ್ಲವೆಂದು ಎರಡನೆಯ ದಿನವೇ ತಿಳಿಯಿತು. ಫೋನಿಟ್ಟ ಮೇಲೆ ಅತ್ತೆ. ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನಿದೆ.

ಮುಂದಿನ ಭಾನುವಾರ ಮಧ್ಯಾಹ್ನ, ಕಾಲೇಜು ಖಾಲಿಯಿದ್ದಾಗ, ನಾನು ಮೊದಲ ಸಲ ನಾನಾಗಿಯೇ ತಮ್ಮ ಬಳಿ ಬಂದೆ. ತಮಗೆ ನೆನಪಿರಬಹುದು. ಬಿಸಿಲು ಓಣಿಯ ಅರ್ಧಕ್ಕೆ ಬಂದು ನಿಂತಿತ್ತು, ತಾವು ಗುಂಯ್ ಎನ್ನುತ್ತಿದ್ದಿರಿ. ನಿಲ್ದಾಣಕ್ಕೆ ಹೋಗಿದ್ದರೂ ಅಮ್ಮನ ದನಿ ಕೇಳಬಹುದಿತ್ತು, ಲಿಫ್ಟು ಹತ್ತಿದ್ದರೂ ಕೇಳಬಹುದಿತ್ತು. ಆದರೆ ಅದು ಎಲ್ಲರ ದನಿ. ಮನೆಯ ದನಿಯನ್ನು ನಾವು ಯಾರೂ ಎಲ್ಲಿಯೂ ಹಿಡಿದಿಟ್ಟಿರಲಿಲ್ಲ, ದಿನವೂ ಬೇಡವೆಂದರೂ ಸಿಗುವುದನ್ನು ಯಾರು ಹಿಡಿದಿಡುತ್ತಾರೆ? ಅದು ಈ ಲೋಕದಲ್ಲಿ ಇದ್ದದ್ದು ತಮ್ಮ ಹೊಟ್ಟೆಯಲ್ಲಿ ಮಾತ್ರ. ಹಣ್ಣು ಒತ್ತಿದರೆ ಒಂದೇ ಸಾಲು, ನೀರು ಒತ್ತಿದರೆ ಎರಡು. ಎಲ್ಲಕ್ಕಿಂತ ಹೆಚ್ಚು ಮಾತು ಇರುವುದು ಚಿಪ್ಸಿನಲ್ಲೇ. ಆದ್ದರಿಂದ ಆರೋಗ್ಯ ಸಮಿತಿಯ ಸಮಸ್ತ ಆಶಯಗಳಿಗೂ ಮಣ್ಣುಹಾಕಿ, ತಮ್ಮ ಚಿಪ್ಸಿನ ಸಾಲು ಬರಿದಾಗುವವರೆಗೂ ಒತ್ತಿದೆ. ಮಡಿಲು ತುಂಬ ಪೊಟ್ಟಣ ತುಂಬಿಕೊಂಡು ಕೋಣೆಗೆ ಹೋದಾಗ ಗೂಬೆ ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಲೋಟ ನೀರು ತಂದು ಕೈಗಿಟ್ಟಳು. ಅದನ್ನು ಅವಳಿಗೆ ಕಲಿಸಿದವರು ತಾವೇ.

ಹೀಗೆ ನಾವು ಒಂದು ಒಪ್ಪಂದಕ್ಕೆ ಬಂದಿರುವಾಗ, ಕಾಲೇಜಿನ ತಪಾಸಣೆಗೆಂದು ತಂಡವೊಂದು ಬಂತು. ಅದರ ಹಿರಿಯರು ಬಹಳ ಗಂಭೀರ ವ್ಯಕ್ತಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಶಿಳ್ಳೆ ಮೇಷ್ಟ್ರು ಸಮಿತಿಯ ಸಾಧನೆ ತೋರಿಸಲು ಅವರನ್ನು ನೇರವಾಗಿ ತಮ್ಮ ಬಳಿಗೇ ಕರೆತಂದರು. ಹಿರಿಯರ ಬೆರಳು ಸೇಬಿನ ಮೇಲೆ ಸುಳಿದಾಡಿ, ಬಾಳೆಹಣ್ಣಿನ ಮೇಲೆ ತಡೆದು, ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಬಗೆದು ಚಿಪ್ಸನ್ನು ಒತ್ತಿತು. ತಾವು ಮುಖ ನೋಡಿ ಮಣೆ ಹಾಕುವವರಲ್ಲವಲ್ಲ! ಅವರನ್ನೂ ಮರಿಯಾನೆ ಎಂದಿರಿ. ಸುಳ್ಳು ಹೇಳಬೇಡ ಎಂದಿರಿ. ಆ ಗಂಭೀರ ಹಿರಿಯರು ಥಟ್ಟನೆ ಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಇಲ್ಲಮ್ಮ, ಇವತ್ತೊಂದೇ ದಿನ," ಎಂದುಬಿಟ್ಟರು. ಸಂಜೆಯೊಳಗೆ ಅವರ ಅಭಿಪ್ರಾಯ ಬಂತು: ಯಂತ್ರದ ಭಾಷೆ ಸಂಸ್ಥೆಯ ಘನತೆಗೆ ತಕ್ಕುದಲ್ಲ. ಮರುದಿನ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಅಂಟಿಸಿದರು. ಬರುವ ಸೋಮವಾರ ತಮ್ಮ ದನಿ ಬದಲಾಗಲಿದೆ. ಹೊಸ ದನಿ "ತಮ್ಮ ಆಯ್ಕೆಗೆ ಧನ್ಯವಾದಗಳು" ಎಂದಷ್ಟೇ ಹೇಳುವುದು, ಹಳೆಯದನ್ನು ಅಳಿಸಲಾಗುವುದು.

ನಾನು ಕೂಡಲೇ ಅಪ್ಪನಿಗೆ ಹೇಳಿ ಸ್ಟುಡಿಯೋದವರನ್ನು ಕೇಳಿಸಿದೆ, ಅವರ ಬಳಿ ಪ್ರತಿಯಿಲ್ಲ. ನನ್ನ ಫೋನಿನಲ್ಲಿ ಹಿಡಿಯಲು ನೋಡಿದರೆ ಅಮ್ಮನ ದನಿಯನ್ನು ಮುಳುಗಿಸಿ ತಮ್ಮ ಗುಂಯ್ ಮಾತ್ರ ಬಂತು. ಶಿಳ್ಳೆ ಮೇಷ್ಟ್ರ ಬಳಿ ಹೋಗಿ, ಅಳಿಸಬೇಡಿ ಸರ್, ಅಳಿಸಲೇಬೇಕಾದರೆ ನನಗಾದರೂ ಕೊಡಿ ಎಂದು ಬೇಡಿಕೊಂಡೆ. ಅವರು ಒಳ್ಳೆಯವರು, ಅವರಿಗೂ ಬೇಜಾರಾಗಿತ್ತು. ಆದರೆ, "ಅದೊಬ್ಬ ಕಲಾವಿದೆಯ ದನಿ ಕಣಮ್ಮ, ಕೇಳಿದೋರಿಗೆಲ್ಲ ಹಂಚೋಕಾಗುತ್ತಾ? ಬೇಕಾದ್ರೆ ಆ ದನಿಯವರೇ ಬಂದು ಬಾಯಿಬಿಟ್ಟು ಕೇಳ್ಲಿ, ಆಮೇಲೆ ಸಮಿತಿ ಮುಂದೆ ಇಡೋಣ," ಎಂದರು. ಬಾಯಿಬಿಟ್ಟು ಕೇಳಬೇಕಂತೆ! ಬಾಯಿ ಬಿಡಕೂಡದೆಂದು ಡಾಕ್ಟರಮ್ಮನ ಅಪ್ಪಣೆಯಾಗಿರುವ, ಇಡೀ ಊರಿನ ಒಬ್ಬಳೇ ಒಬ್ಬ ಹೆಂಗಸನ್ನು ಹುಡುಕಿ ಇವರು ಬಾಯಿಬಿಡಿಸಲು ಹೊರಟಿದ್ದರು.

ಆದ್ದರಿಂದ ಅಮ್ಮನ ಪರವಾಗಿ ನಾನು ಬಾಯಿ ಬಿಡುತ್ತಿದ್ದೇನೆ, ಎಲ್ಲರೂ ಓದಲೆಂದು ಈ ಪತ್ರವನ್ನು ತಮ್ಮ ಗಾಜಿಗೇ ಅಂಟಿಸುತ್ತಿದ್ದೇನೆ. ಸಾಕ್ಷಿ ಕೇಳುವವರಿಗೆ ಇಗೋ ಸಾಕ್ಷಿ. ತಾವು ಸುಮ್ಮನಾಗುವ ಆ ಗಳಿಗೆಗಳಲ್ಲಿ ಆಡಿದ ಮಾತು ನನ್ನದು. "ಮತ್ತೆ ಅದೇನಾ?" ಎಂದು ಅಮ್ಮ ಕೇಳಿದ್ದು ನನ್ನ ಬಾಯಲ್ಲಿದ್ದ ಚಿಪ್ಸಿನ ಕರಕರ ಫೋನಿನಲ್ಲಿ ಅವಳಿಗೆ ಕೇಳಿಸಿದ್ದರಿಂದ. ಅದಕ್ಕೆ ನಾನು, ಇಲ್ಲಮ್ಮ ಸೇಬು ಎಂದೆ. ಎರಡನೆಯ ಮೌನದಲ್ಲಿ, ನಿಜವಾಗಲೂ ಸೇಬೇ ಎಂದೆ. ಮೂರನೆಯದರಲ್ಲಿ, ಬ್ರೆಡ್ಡು ಮೊಟ್ಟೆ ತಿಂದೆ ಎಂದೆ, ಅದನ್ನು ತಿಂದದ್ದು ಹಿಂದಿನ ದಿನ. "ಈಗ ನನ್ನ ಜೀವಕ್ಕೆ ಸಮಾಧಾನ," ಎಂದು ಅಮ್ಮ ಹೇಳಿದ್ದು, ಇವತ್ತು ಬೇಗ ಮಲಗುತ್ತೇನೆ ಎಂದು ನಾನು ಹೇಳಿದ್ದಕ್ಕೆ. ಅದೂ ಸುಳ್ಳೇ ಆಗಿತ್ತು. ಇನ್ನು ಕಾಲೇಜೆಲ್ಲ ತಲೆಕೆಡಿಸಿಕೊಂಡಿರುವ ಆ ನೀರಿನ ಗುಂಡಿಯ ನಗು. ತಂತಿ ಸಡಿಲವಾಗಿಲ್ಲ ಗೂಬೆ, ಬೆದರಿಕೆಯೂ ಅಲ್ಲ ಗಣಿತದ ಮೇಷ್ಟ್ರೇ. ನೀರು ಕುಡಿಯೋದಕ್ಕೂ ನಾನೇ ನೆನಪು ಮಾಡ್ಬೇಕಾ ಎಂದು ಅಮ್ಮ ಕೇಳಿದಾಗ ನಾನು ಹೇಳಿದ್ದಿಷ್ಟು: "ಅಮ್ಮಾ, ಇಲ್ಲಿ ನನ್ನನ್ನ ಬೈಯೋರು ಯಾರೂ ಇಲ್ಲ, ಎಷ್ಟು ಹಾಯಾಗಿದೆ ಗೊತ್ತಾ?" ಅದಕ್ಕೆ ಅವಳು ಅಷ್ಟು ನಕ್ಕಳು. ನಕ್ಕು, ಇರು, ಬರ್ತೀನಿ ಅಲ್ಲಿಗೇ ಎಂದಳು. ಹೇಳಿದ ಹಾಗೇ ಬಂದಳು.

ಇನ್ನು ನನ್ನ ಕೋರಿಕೆಗಳು. ಸೋಮವಾರ ಅವರು ಹೊಸ ದನಿಯನ್ನು ತಂದು ತಮ್ಮ ಬಾಯಿಗೆ ತುರುಕಲು ಬಂದಾಗ ತಾವು ದಯವಿಟ್ಟು ಕೆಟ್ಟುನಿಲ್ಲಬೇಕು. ಪರೀಕ್ಷೆಯ ದಿನಗಳಲ್ಲಿ, ಹಸಿದು ಬಂದವರ ಎದುರು ತಾವು ಅದನ್ನು ಎಷ್ಟು ಸೊಗಸಾಗಿ ಮಾಡುತ್ತೀರೆಂದು ನಮಗೆಲ್ಲ ಗೊತ್ತು, ಆ ಪ್ರತಿಭೆಯನ್ನು ಜೀವನದಲ್ಲೊಮ್ಮೆ ಒಳ್ಳೆಯ ಕೆಲಸಕ್ಕೆ ಬಳಸಿ. ಅದಾಗದಿದ್ದರೆ ಹೊಸ ದನಿಯನ್ನು ನುಂಗಿ, ಆ ಓರೆ ಬಿಸ್ಕತ್ತಿನ ಹಾಗೆ ನಡುವೆ ಸಿಕ್ಕಿಸಿಕೊಂಡು, ಎಷ್ಟು ಬಡಿದರೂ ಹೊರಗೆ ಬಿಡಬೇಡಿ. ಘನತೆಯೇ ಮುಖ್ಯವೆಂದು ಆ ಹಿರಿಯರು ಹಟ ಹಿಡಿದರೆ, ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡವರನ್ನು ಗುರುತಿಸಿ ಅವರಿಗೆ ಮಾತ್ರ ಧನ್ಯವಾದ ಹೇಳುವುದನ್ನು ರೂಢಿಸಿಕೊಳ್ಳಿ. ಶಿಳ್ಳೆ ಮೇಷ್ಟ್ರಲ್ಲಿ ನನ್ನ ವಿನಂತಿ ಬೇರೆ. ಸರ್, ಈ ಮಕ್ಕಳು ಬೆಳಿಗ್ಗೆ ಎದ್ದು ತಿಂಡಿ ತಿನ್ನುತ್ತಿರುವುದು ನಾರಿನ ಅಂಶಕ್ಕಾಗಿ ಅಲ್ಲ, ಸಂಜೆ ಯಾರೋ ಕೇಳುತ್ತಾರೆಂದು. ಧನ್ಯವಾದ ಹೇಳುವ ಯಂತ್ರಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಇದನ್ನು ದಯವಿಟ್ಟು ಸಮಿತಿಯ ಮುಂದಿಡಿ.

ಪ್ರತಿಯಾಗಿ ನನ್ನ ಬಳಿ ಕೊಡುವುದಕ್ಕೆ ಇರುವುದು ನನ್ನ ಗುಟ್ಟೊಂದೇ. ಅದನ್ನು ಇಗೋ ಎಲ್ಲರ ಎದುರು ಕೊಟ್ಟಿದ್ದೇನೆ. ನಾಳೆಯಿಂದ ಓಣಿಯಲ್ಲಿ ನನ್ನನ್ನು ಕಂಡವರು ಆ ಹೆಸರು ಹಿಡಿದು ಕೂಗಬಹುದು, ನಾನು ತಿರುಗಿ ನೋಡುತ್ತೇನೆ. ಗೂಬೆ, ನೀನು ದಿನವೂ ಬೈಸಿಕೊಂಡದ್ದು ನನ್ನ ಅಮ್ಮನಿಂದ. ಬರುವ ರಜೆಗೆ ದೊಡ್ಡಮ್ಮನಿಗೆ ಹೇಳಿ ನನ್ನ ಜೊತೆ ಮನೆಗೆ ಬಾ, ಗಾಜಿಲ್ಲದೆ ಬೈಸಿಕೊಳ್ಳಬಹುದು.

ಕೇಳದೆಯೇ ನೀರು ಕುಡಿಯುತ್ತಿರುವ,
ತಮ್ಮ ವಿಶ್ವಾಸಿ,
ಮರಿಯಾನೆ

ಮರೆತ ಮಾತು: ಈ ಪತ್ರ ಬರೆದು ಮುಗಿಸಿ, ಭಾನುವಾರದ ಪೊಟ್ಟಣಗಳಲ್ಲಿ ಕೊನೆಯದನ್ನು ಒಡೆದು ತಿನ್ನುತ್ತ ಅಂಟು ಹುಡುಕುತ್ತಿದ್ದಾಗ ಮನೆಯಿಂದ ಫೋನು ಬಂತು. ಡಾಕ್ಟರಮ್ಮ ಇಂದು ಬೀಗ ತೆಗೆದಿದ್ದಾರಂತೆ. ಸದ್ಯಕ್ಕೆ ದಿನಕ್ಕೆ ಒಂದೆರಡು ಮಾತು, ಅದೂ ಮೆಲ್ಲಗೆ. ಮೊದಲನೆಯ ಮಾತನ್ನು ಅಮ್ಮ ನನಗೇ ಎಂದು ಉಳಿಸಿಕೊಂಡಿದ್ದಾಳೆಂದು ಅಪ್ಪ ಹೇಳಿ, ಫೋನನ್ನು ಅವಳ ಕೈಗೆ ಕೊಟ್ಟರು. ನಾನು ಬಾಯಲ್ಲಿದ್ದ ಚಿಪ್ಸನ್ನು ಅವಸರವಾಗಿ ಅಗಿದು ನುಂಗಿ, ಕಣ್ಣು ಮುಚ್ಚಿ ಕಾದೆ. ಅಮ್ಮ ಹೇಳಿದ್ದು: "ಸೇಬೇನೇ ಅದು?" ದನಿ ಒಡೆದಿದೆ, ಹಳೆಯದು ತಮ್ಮ ಹೊಟ್ಟೆಯಲ್ಲಿ ಮಾತ್ರ ಇದೆ, ಜೋಪಾನ. ಕಿವಿ ಮಾತ್ರ ಮೊದಲಿನ ಹಾಗೇ ಇದೆ. ಆದ್ದರಿಂದ ಇನ್ನು ಮುಂದೆ ತಮ್ಮ ಚಿಪ್ಸನ್ನು ಸದ್ದಾಗದ ಪೊಟ್ಟಣದಲ್ಲಿ, ಸಾಧ್ಯವಾದರೆ ಸ್ವಲ್ಪ ಮೆತ್ತಗೆ ಮಾಡಿ ಕೊಡಬೇಕೆಂದು ಕೋರುತ್ತೇನೆ.